ಸಣ್ಣ ಲಾಡ್ಜಿಗೆ ವಲಯ ನಿಯಮ ಅಡ್ಡ ಬಂದಾಗ: ಬಾಗಲಕೋಟೆ, ವಿಜಯಪುರ, ಬೆಳಗಾವಿಯ ವಸತಿಗೃಹದವರಿಗೆ ಸಮಗ್ರ ಮಾರ್ಗದರ್ಶಿ

ಬಾದಾಮಿಯಲ್ಲಿ ಆರೆಂಟು ಕೋಣೆಯ ಲಾಡ್ಜ್ ನಡೆಸುವವರ ದುಡಿಮೆ ಕೂಡುವುದು ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯ ಸುತ್ತಮುತ್ತ, ಚಳಿಗಾಲದ ರಜೆ ಮತ್ತು ಶಾಲಾ ಪ್ರವಾಸದ ದಿನಗಳಲ್ಲಿ. ಆ ಹೊತ್ತಿಗೆ ‘ವಸತಿ ವಲಯದಲ್ಲಿ ವಾಣಿಜ್ಯ ಚಟುವಟಿಕೆ ನಡೆಸುತ್ತಿದ್ದೀರಿ, ಏಳು ದಿನದಲ್ಲಿ ನಿಲ್ಲಿಸಿ’ ಎಂಬ ನೋಟಿಸ್ ಬಂದರೆ ಹೆಚ್ಚಿನವರು ಮೊದಲು ಹೋಗುವುದು ವಾರ್ಡಿನ ಸದಸ್ಯರ ಮನೆಗೆ. ಹೋಗಲಿ, ತಪ್ಪಿಲ್ಲ. ಆದರೆ ‘ನೋಡೋಣ, ಸಾಹೇಬರಿಗೆ ಹೇಳತೇನಿ’ ಅನ್ನುವ ಭರವಸೆ ನಂಬಿ ಕೂತರೆ ಉತ್ತರ ಕೊಡುವ ಗಡುವು ಕಳೆದುಹೋಗುತ್ತದೆ. ಆಮೇಲೆ ಯಾವ ವಕೀಲರ ಹತ್ತಿರ ಹೋದರೂ ಅವರು ಕೇಳುವ ಮೊದಲ ಪ್ರಶ್ನೆಗೇ ಉತ್ತರ ಇರುವುದಿಲ್ಲ: ‘ನೋಟಿಸಿಗೆ ಬರಹದಲ್ಲಿ ಏನು ಉತ್ತರ ಕೊಟ್ಟೀರಿ?’

ಈ ಜಗಳದಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಒಂದೇ ವಿಷಯದ ಮೇಲೆ: ನಿಮ್ಮನ್ನು ತಡೆದಿರುವ ನಿಯಮ ಯಾರದು? ನೋಟಿಸ್ ಕೊಟ್ಟ ಕಚೇರಿಯೇ ನಿಯಮದ ಒಡೆಯ ಆಗಿರಬೇಕೆಂದಿಲ್ಲ. ಪುರಸಭೆ ಕೊಟ್ಟ ನೋಟಿಸಿನ ಹಿಂದೆ ಯೋಜನಾ ಪ್ರಾಧಿಕಾರದ ನಕಾಶೆ ಇರಬಹುದು, ಪುರಾತತ್ವ ಕಾಯ್ದೆ ಇರಬಹುದು, ಕೃಷಿ ಜಮೀನಿನ ತಕರಾರು ಇರಬಹುದು. ಒಬ್ಬರ ನಿಯಮವನ್ನು ಇನ್ನೊಬ್ಬರ ಮುಂದೆ ಪ್ರಶ್ನಿಸಿದರೆ ವರ್ಷ ಕಳೆದರೂ ಕಡತ ಅಲುಗಾಡುವುದಿಲ್ಲ.

ಮೊದಲ ಹೆಜ್ಜೆ: ನಿಯಮದ ಒಡೆಯನನ್ನು ಗುರುತಿಸುವುದು

ನೋಟಿಸನ್ನು ಎದುರಿಗಿಟ್ಟುಕೊಂಡು ಮೂರು ಕಡೆ ಗೆರೆ ಎಳೆಯಿರಿ: ಯಾವ ಕಾಯ್ದೆ, ಯಾವ ಕಲಂ, ಸಹಿ ಮಾಡಿದವರ ಹುದ್ದೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದೇ ನಿಮ್ಮ ಉತ್ತರದ ಮೊದಲ ಅಂಶ. ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು’ ಎಂದಷ್ಟೇ ಬರೆದ ನೋಟಿಸಿಗೆ ‘ಯಾವ ನಿಯಮ ಎಂದು ತಿಳಿಸಿ’ ಎಂದು ಕೇಳುವ ಹಕ್ಕು ನಿಮಗಿದೆ.

ವಸತಿ, ವಾಣಿಜ್ಯ, ಕೃಷಿ ಎಂದು ವಲಯ ಮಾಡುವುದು ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್. ಅದರ ಬೇರು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ, 1961. ಬೆಳಗಾವಿ, ವಿಜಯಪುರ, ಬಾಗಲಕೋಟೆಯಲ್ಲಿ ನಗರಾಭಿವೃದ್ಧಿ ಪ್ರಾಧಿಕಾರಗಳು ಈ ಕೆಲಸ ನೋಡುತ್ತವೆ. ಉಳಿದ ಕಡೆ ಯೋಜನಾ ಪ್ರಾಧಿಕಾರ ಯಾವುದು, ನಿಮ್ಮ ಊರಿಗೆ ಜಾರಿಯಲ್ಲಿರುವ ನಕಾಶೆ ಇದೆಯೇ ಎಂಬುದನ್ನು ಜಿಲ್ಲೆಯ ನಗರ ಮತ್ತು ಗ್ರಾಮಾಂತರ ಯೋಜನಾ ಕಚೇರಿಯಿಂದ ಬರಹದಲ್ಲೇ ಪಡೆಯಿರಿ. ಮಹಾಯೋಜನೆ ಇಲ್ಲದ ಊರಲ್ಲಿ ‘ವಸತಿ ವಲಯ’ ಎಂಬ ಮಾತಿಗೆ ಆಧಾರ ಎಲ್ಲಿಂದ ಬಂತು ಎಂದು ಕೇಳಲೇಬೇಕು.

ಕಟ್ಟಡ ಪರವಾನಗಿ ಮತ್ತು ವ್ಯಾಪಾರ ಪರವಾನಗಿ ಸ್ಥಳೀಯ ಸಂಸ್ಥೆಯ ಕೈಯಲ್ಲಿವೆ. ಬಾದಾಮಿಯಂಥ ಪುರಸಭೆಗೆ 1964ರ ಪುರಸಭೆಗಳ ಕಾಯ್ದೆ ಅನ್ವಯಿಸುತ್ತದೆ, ಕಟ್ಟಡ ಪರವಾನಗಿಗೆ ಅದರ 187ನೇ ಕಲಂ. ಬೆಳಗಾವಿ ಮತ್ತು ವಿಜಯಪುರ ಮಹಾನಗರ ಪಾಲಿಕೆಗಳಾದ್ದರಿಂದ ಅಲ್ಲಿ 1976ರ ಪಾಲಿಕೆ ಕಾಯ್ದೆ. ಪಟ್ಟದಕಲ್ಲು, ಐಹೊಳೆಯಂಥ ಗ್ರಾಮ ಪಂಚಾಯಿತಿಗಳಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆ: ಕಟ್ಟಡಕ್ಕೆ ಕಲಂ 64, ಲಾಡ್ಜ್ ಖಾನಾವಳಿ ನಡೆಸಲು ಕಲಂ 67. ಬೆಳಗಾವಿಯ ಕ್ಯಾಂಪ್ ಪ್ರದೇಶದವರು ನೆನಪಿಡಬೇಕು, ಅಲ್ಲಿ ಪಾಲಿಕೆಯ ಮಾತು ನಡೆಯುವುದಿಲ್ಲ. ಅದು ಕಂಟೋನ್ಮೆಂಟ್ ಬೋರ್ಡಿನ ಆಡಳಿತ, 2006ರ ಕೇಂದ್ರ ಕಾಯ್ದೆಯದು. ಬಾಗಲಕೋಟೆಯ ನವನಗರದಲ್ಲಿ ಪಟ್ಟಣಾಭಿವೃದ್ಧಿ ಪ್ರಾಧಿಕಾರ ಹಂಚಿದ ನಿವೇಶನವಾಗಿದ್ದರೆ ಹಂಚಿಕೆ ಪತ್ರ ಮತ್ತು ಖರೀದಿ ಪತ್ರ ತೆಗೆದು ನೋಡಿ. ನಿವೇಶನದ ಉದ್ದೇಶದ ಬಗ್ಗೆ ಅದರಲ್ಲಿ ಷರತ್ತಿದ್ದರೆ ನಿಮ್ಮ ತೊಡಕು ವಲಯದ್ದಲ್ಲ, ಕರಾರಿನದು.

ಮೂರನೆಯದು ಪುರಾತತ್ವ ಕಾಯ್ದೆ. ಈ ಮೂರು ಜಿಲ್ಲೆಗಳಲ್ಲಿ ಇದನ್ನು ಬಿಟ್ಟು ಲಾಡ್ಜಿನ ಮಾತೇ ಇಲ್ಲ, ಅದನ್ನು ಮುಂದೆ ಬೇರೆಯಾಗಿಯೇ ನೋಡೋಣ. ನಾಲ್ಕನೆಯದು ಕಂದಾಯ: ಜಮೀನು ಎನ್‌ಎ, ಅಂದರೆ ಕೃಷಿಯೇತರ, ಆಗಿದೆಯೇ ಎಂಬ ಪ್ರಶ್ನೆ, 1964ರ ಭೂಕಂದಾಯ ಕಾಯ್ದೆಯ 95ನೇ ಕಲಂನದು.

ಇಲ್ಲಿ ಬಹಳ ಜನ ಎಡವುತ್ತಾರೆ. ‘ಎನ್‌ಎ ಆದೇಶ ಇದೆ, ಇನ್ನೇನು ಬೇಕು?’ ಎನ್ನುತ್ತಾರೆ. ಎನ್‌ಎ ಆದೇಶ ಜಮೀನನ್ನು ಕೃಷಿಯಿಂದ ಬಿಡಿಸುತ್ತದೆ, ವಲಯದಿಂದ ಬಿಡಿಸುವುದಿಲ್ಲ. ಯೋಜನೆ ಕಾಯ್ದೆಯ 76ಎಂ ಕಲಂ ಬೇರೆ ಕಾಯ್ದೆಗಳಲ್ಲಿ ಏನೇ ಇದ್ದರೂ ಈ ಕಾಯ್ದೆಯ ಮಾತೇ ಮೇಲೆ ಎನ್ನುತ್ತದೆ. ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ನೋಂದಣಿಯೂ ಹೀಗೆಯೇ, ಅದು ವಲಯದ ಅನುಮತಿಯಲ್ಲ.

ಕಾಗದ ಕೂಡಿಸುವುದು

ಮನೆಯಲ್ಲಿರುವುದನ್ನು ಮೊದಲು ತೆಗೆಯಿರಿ: ಖರೀದಿ ಪತ್ರ, ಸಿಟಿಎಸ್ (ನಗರ ಮಾಪನ) ಉತಾರ ಮತ್ತು ನಗರ ಮಾಪನ ನಕಾಶೆ, ಪುರಸಭೆಯ ಇ-ಖಾತೆ. ಹಳ್ಳಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಕೈಯಲ್ಲಿರುವುದು 11ಎ ಅಲ್ಲದೆ 11ಬಿ ಆಗಿದ್ದರೆ ಜಾಗದ ಮೂಲದಲ್ಲೇ ಕೊರತೆ ಇದೆ ಎಂದರ್ಥ. ಅದನ್ನು ಸರಿಪಡಿಸದೆ ವಲಯದ ಜಗಳಕ್ಕೆ ಇಳಿಯಬೇಡಿ, ಎದುರಿನವರು ಮೊದಲು ಹಿಡಿಯುವುದೇ ಅದನ್ನು.

ಆಮೇಲೆ ಬಳಕೆಯ ಇತಿಹಾಸ. ನಕಾಶೆ ಜಾರಿಗೆ ಬರುವ ಮೊದಲೇ ಆ ಕಟ್ಟಡದಲ್ಲಿ ಬಾಡಿಗೆ ಕೋಣೆ ನಡೆದಿದ್ದರೆ ಅದು ದೊಡ್ಡ ಬಲ. ಆದರೆ ಬಾಯಿಮಾತಿಗೆ ಬೆಲೆಯಿಲ್ಲ. ಹಳೆಯ ವ್ಯಾಪಾರ ಪರವಾನಗಿ, ವಾಣಿಜ್ಯ ದರದ ಹೆಸ್ಕಾಂ ಬಿಲ್ಲು, ತೆರಿಗೆ ಪಾವತಿ, ಪೊಲೀಸರು ಸಹಿ ಮಾಡಿದ ಅತಿಥಿ ರಿಜಿಸ್ಟರ್ ಇವುಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ. ವಲಯ ನಿಯಮಾವಳಿಯಲ್ಲಿ ಹಾಲಿ ಬಳಕೆ ಮುಂದುವರಿಯುವ ಬಗ್ಗೆ ಏನಿದೆ ಎಂದು ಹುಡುಕಿ, ಆ ವಾಕ್ಯದ ಪಕ್ಕಕ್ಕೆ ಈ ಪಟ್ಟಿಯನ್ನು ಹಿಡಿಯಿರಿ. ಮಧ್ಯೆ ಕೆಲ ವರ್ಷ ಲಾಡ್ಜ್ ಮುಚ್ಚಿದ್ದರೆ ಅಥವಾ ಆಮೇಲೆ ಮಹಡಿ ಏರಿಸಿದ್ದರೆ ಈ ವಾದ ಹಳೆಯ ಭಾಗಕ್ಕಷ್ಟೇ ನಿಲ್ಲುತ್ತದೆ.

ಕಚೇರಿಯಲ್ಲಿರುವ ಕಾಗದಕ್ಕೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಅದೇ ನೆಪದಿಂದ ವಾಪಸು ಬರುತ್ತದೆ. ಆದ್ದರಿಂದ ಸ್ಥಳೀಯ ಸಂಸ್ಥೆಗೆ ಒಂದು, ಯೋಜನಾ ಪ್ರಾಧಿಕಾರಕ್ಕೆ ಒಂದು ಬೇರೆ ಬೇರೆ ಹಾಕಿ. ಸ್ಥಳೀಯ ಸಂಸ್ಥೆಗೆ ಹೀಗೆ ಬರೆದರೆ ಸಾಕು:

‘ಸಿಟಿಎಸ್ ಸಂಖ್ಯೆ ____ ಸ್ವತ್ತಿಗೆ ದಿನಾಂಕ ____ರಂದು ನೀಡಿದ ನೋಟಿಸ್ ಸಂಖ್ಯೆ ____ ಕುರಿತ ಕಡತದ ದೃಢೀಕೃತ ಪ್ರತಿ ಕೊಡಿ: ಟಿಪ್ಪಣಿ ಹಾಳೆಗಳು, ಸ್ಥಳ ಪರಿಶೀಲನಾ ವರದಿ, ಬಂದ ದೂರು ಅರ್ಜಿ, ನೋಟಿಸಿಗೆ ಆಧಾರವಾದ ಠರಾವು ಅಥವಾ ಸುತ್ತೋಲೆ. ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನ ಮತ್ತು ಸಮಯ ತಿಳಿಸಿ.’

ಪ್ರಾಧಿಕಾರಕ್ಕೆ ಹಾಕುವ ಅರ್ಜಿಯಲ್ಲಿ ಕೇಳಬೇಕಾದದ್ದು: ನಿಮ್ಮ ಸರ್ವೆ ಅಥವಾ ಸಿಟಿಎಸ್ ಸಂಖ್ಯೆ ಕಾಣುವ ಮಹಾಯೋಜನೆ ನಕಾಶೆಯ ಭಾಗ, ವಲಯ ನಿಯಮಾವಳಿಯ ಪೂರ್ಣ ಪ್ರತಿ, ಮಹಾಯೋಜನೆಗೆ ಅಂತಿಮ ಅನುಮೋದನೆ ಸಿಕ್ಕ ಆದೇಶ ಮತ್ತು ರಾಜ್ಯಪತ್ರ ಪ್ರಕಟಣೆ. ಕರಡು ನಕಾಶೆಯನ್ನೇ ಅಂತಿಮ ಎಂಬಂತೆ ಬಳಸಿದ್ದು ಹೀಗೆ ಕೇಳಿದಾಗಲೇ ಹೊರಬೀಳುತ್ತದೆ.

ಮಾಹಿತಿ ಹಕ್ಕಿನ 30 ದಿನಕ್ಕೂ ನೋಟಿಸಿನ ಏಳು ದಿನಕ್ಕೂ ಹೊಂದುವುದಿಲ್ಲ. ಅದಕ್ಕೆ ಉಪಾಯ, ಉತ್ತರ ಪತ್ರದಲ್ಲೇ ‘ಈ ದಾಖಲೆಗಳನ್ನು ಕೇಳಿದ್ದೇವೆ, ಅವು ಸಿಕ್ಕ ಮೇಲೆ ವಿವರವಾದ ಹೇಳಿಕೆ ಕೊಡುತ್ತೇವೆ, ಅಲ್ಲಿಯವರೆಗೆ ಕ್ರಮ ಬೇಡ’ ಎಂದು ಬರೆದು ಅರ್ಜಿಯ ಸ್ವೀಕೃತಿ ಲಗತ್ತಿಸುವುದು.

ವಲಯ ನಿಯಮಾವಳಿ ಓದುವ ಬಗೆ

ನಕಾಶೆಯಲ್ಲಿ ನಿಮ್ಮ ಜಾಗಕ್ಕೆ ವಸತಿ ಬಣ್ಣ ಬಿದ್ದಿದೆ ಎಂದ ಕೂಡಲೇ ಕೈ ಚೆಲ್ಲಬೇಡಿ. ಪ್ರತಿ ವಲಯಕ್ಕೂ ಸಾಮಾನ್ಯವಾಗಿ ಎರಡು ಪಟ್ಟಿ ಇರುತ್ತವೆ: ನೇರವಾಗಿ ಅನುಮತಿಸಿದ ಉಪಯೋಗಗಳು, ಮತ್ತು ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಅನುಮತಿಸಬಹುದಾದ ಉಪಯೋಗಗಳು. ಹಾಸ್ಟೆಲ್, ಧರ್ಮಶಾಲೆ, ಅತಿಥಿಗೃಹ, ಬೋರ್ಡಿಂಗ್ ಮತ್ತು ಲಾಡ್ಜಿಂಗ್ ಈ ಪದಗಳನ್ನು ಎರಡೂ ಪಟ್ಟಿಯಲ್ಲಿ ಒಂದೊಂದಾಗಿ ಹುಡುಕಿ. ಒಂದೊಂದು ಊರಿನ ನಿಯಮಾವಳಿ ಒಂದೊಂದು ಥರ, ಪಕ್ಕದ ಊರಿನ ಪಟ್ಟಿ ತೋರಿಸಿ ಪ್ರಯೋಜನವಿಲ್ಲ.

ಎರಡನೇ ಪಟ್ಟಿಯಲ್ಲಿ ನಿಮ್ಮ ಉಪಯೋಗ ಇದ್ದರೆ ನೀವು ನಿಯಮವನ್ನು ಪ್ರಶ್ನಿಸಬೇಕಾಗಿಯೇ ಇಲ್ಲ, ನಿಯಮದೊಳಗೇ ಅನುಮತಿ ಕೇಳಿದರಾಯಿತು. ಭೂ ಉಪಯೋಗ ಬದಲಾವಣೆಗೆ ಓಡುವುದಕ್ಕಿಂತ ಇದು ಎಷ್ಟೋ ಸುಲಭ. ಏಜೆಂಟರು ಮಾತ್ರ ಮೊದಲ ದಿನವೇ ‘ಚೇಂಜ್ ಆಫ್ ಲ್ಯಾಂಡ್ ಯೂಸ್ ಮಾಡಿಸಬೇಕು’ ಎನ್ನುತ್ತಾರೆ. ಪಟ್ಟಿ ತೆರೆದು ತೋರಿಸದ ಏಜೆಂಟರ ಮಾತು ಕೇಳಬೇಡಿ.

ಪಟ್ಟಿಯ ಜೊತೆಗೆ ಮೂರು ಕೋಷ್ಟಕ ನೋಡಿ: ರಸ್ತೆ ಅಗಲ, ಸುತ್ತ ಬಿಡಬೇಕಾದ ಜಾಗ, ವಾಹನ ನಿಲುಗಡೆ. ಉಪಯೋಗಕ್ಕೆ ಅವಕಾಶ ಇದ್ದೂ ಅರ್ಜಿ ಬೀಳುವುದು ಹೆಚ್ಚಾಗಿ ರಸ್ತೆ ಅಗಲದಿಂದ. ಹಳೆ ಊರಿನ ಓಣಿಗಳಲ್ಲಿ ಅಗಲ ಒಂದೇ ಸಮ ಇರುವುದಿಲ್ಲ, ಪರಿಶೀಲನೆಗೆ ಬಂದವರು ಕಟ್ಟೆ, ಮೆಟ್ಟಿಲು ಬಿಟ್ಟು ಇಕ್ಕಟ್ಟಾದ ಕಡೆ ಟೇಪು ಹಿಡಿದಿರುತ್ತಾರೆ. ನಗರ ಮಾಪನ ನಕಾಶೆಯಲ್ಲಿರುವ ರಸ್ತೆ ಅಗಲವನ್ನು ದೃಢೀಕರಿಸಿ ತನ್ನಿ, ಇಲ್ಲವೇ ಜಂಟಿ ಅಳತೆಗೆ ಅರ್ಜಿ ಕೊಡಿ. ನಿಲುಗಡೆಗೆ ಜಾಗ ಇಲ್ಲದವರು ಕೋಣೆಗಳ ಸಂಖ್ಯೆ ಇಳಿಸಿ ನಕಾಶೆ ಕೊಟ್ಟರೆ ಕೋಷ್ಟಕದ ಲೆಕ್ಕ ಹೊಂದಿಕೆಯಾಗುವುದುಂಟು. ಹತ್ತು ಕೋಣೆಗೆ ತಿರಸ್ಕಾರ ಪಡೆಯುವುದಕ್ಕಿಂತ ಆರು ಕೋಣೆಗೆ ಅನುಮತಿ ಪಡೆಯುವುದು ಲೇಸು.

ಮಾಲೀಕರು ಅದೇ ಮನೆಯಲ್ಲಿ ವಾಸವಿದ್ದು ಕೆಲವೇ ಕೋಣೆ ಕೊಡುವವರಾದರೆ ವಾದ ಬೇರೆ: ಕಟ್ಟಡದ ಮುಖ್ಯ ಉಪಯೋಗ ವಾಸವೇ, ಅತಿಥಿ ಕೋಣೆ ಅದರ ಅಂಗ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯಲ್ಲಿ ಕೋಣೆಗಳು 1ರಿಂದ 6, ಹಾಸಿಗೆ ಗರಿಷ್ಠ 12. ಈ ಮಿತಿಯೊಳಗಿದ್ದು ಮತದಾರರ ಪಟ್ಟಿ, ಗ್ಯಾಸ್ ಸಂಪರ್ಕ, ಮಕ್ಕಳ ಶಾಲೆ ಎಲ್ಲ ಆ ವಿಳಾಸದಲ್ಲೇ ಇದ್ದರೆ ವಾದ ನಿಲ್ಲುತ್ತದೆ. ಮಾಲೀಕರು ಹುಬ್ಬಳ್ಳಿಯಲ್ಲಿದ್ದು ಮ್ಯಾನೇಜರ್ ಕೂರಿಸಿ ಹೋಂಸ್ಟೇ ಬೋರ್ಡು ಹಾಕಿದ್ದರೆ ಒಂದೇ ಪರಿಶೀಲನೆಯಲ್ಲಿ ಕುಸಿಯುತ್ತದೆ.

ಸ್ಮಾರಕದ ಸುತ್ತಲಿನ 100 ಮತ್ತು 300 ಮೀಟರ್

ಬಾದಾಮಿಯ ಗುಹಾಲಯಗಳು, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಟ್ಟದಕಲ್ಲು, ಐಹೊಳೆ, ವಿಜಯಪುರದ ಗೋಳಗುಮ್ಮಟ, ಇಬ್ರಾಹಿಂ ರೋಜಾ ಇವೆಲ್ಲ ಕೇಂದ್ರ ಸಂರಕ್ಷಿತ ಸ್ಮಾರಕಗಳು, ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಧಾರವಾಡ ವಲಯಕ್ಕೆ ಸೇರಿದವು. ಇವಕ್ಕೆ 1958ರ ಕಾಯ್ದೆ, ಅದಕ್ಕೆ 2010ರಲ್ಲಿ ಆದ ತಿದ್ದುಪಡಿ ಅನ್ವಯಿಸುತ್ತವೆ. ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ.

ನಿಷೇಧಿತ 100 ಮೀಟರಿನಲ್ಲಿ ಹೊಸ ಕಟ್ಟಡಕ್ಕೆ ಪುರಸಭೆ ಪರವಾನಗಿ ಕೊಟ್ಟರೂ ಅದು ನಿಮ್ಮನ್ನು ಉಳಿಸುವುದಿಲ್ಲ. ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು 30ಎ ಕಲಂ ಹೇಳುತ್ತದೆ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಕಟ್ಟಿದರೂ 30ಬಿ ಕಲಂನಡಿ ಅಷ್ಟೇ ಶಿಕ್ಷೆ. ಇಂಥ ಜಾಗದಲ್ಲಿ ಪುರಸಭೆಯ ಮೇಲೆ ದಾವೆ ಹೂಡುವುದು ದುಡ್ಡಿನ ದಂಡ, ನಿಯಮ ಅವರದಲ್ಲ, ಸಡಿಲಿಸುವ ಅಧಿಕಾರವೂ ಅವರಿಗಿಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಮೂರು ಕಡೆ.

ಒಂದು, ಅಳತೆ. ದೂರ ಲೆಕ್ಕಕ್ಕೆ ಬರುವುದು ಸಂರಕ್ಷಿತ ಎಲ್ಲೆಯಿಂದ, ಗುಡಿಯ ಗೋಪುರದಿಂದ ಅಲ್ಲ, ಬೇಲಿಯಿಂದಲೂ ಅಲ್ಲ. ಅದೂ ರಸ್ತೆಯ ದೂರವಲ್ಲ, ನೇರ ಗೆರೆಯ ದೂರ. ಬೇಲಿ ಕೆಲವೆಡೆ ಸಂರಕ್ಷಿತ ಎಲ್ಲೆಯಿಂದ ಆಚೀಚೆ ಇರಬಹುದು. ಸಂರಕ್ಷಣಾ ಅಧಿಸೂಚನೆ ಮತ್ತು ಅದರ ಸರ್ವೆ ನಕಾಶೆ ಪಡೆದು ನೋಡಿ. 90 ಮೀಟರ್ ಎಂದು ಬರೆದದ್ದು ಸರಿಯಾಗಿ ಅಳೆದಾಗ 108 ಬಂದರೆ ನಿಮ್ಮ ಇಡೀ ಪ್ರಕರಣವೇ ಬದಲಾಗುತ್ತದೆ. ತಿರುಗಿ 110 ಎಂದುಕೊಂಡದ್ದು 95 ಆಗುವ ಅಪಾಯವೂ ಇದೆ, ಆದ್ದರಿಂದ ಮೊದಲು ಖಾಸಗಿ ಸರ್ವೆಯರರಿಂದ ಅಳೆಸಿಕೊಂಡು ಆಮೇಲೆ ಜಂಟಿ ಅಳತೆ ಕೇಳಿ. ವಿಜಯಪುರದಲ್ಲಿ ಸ್ಮಾರಕಗಳು ಊರೊಳಗೇ ಒತ್ತೊತ್ತಾಗಿವೆ. ಒಂದರ ಎಲ್ಲೆಯಿಂದ ಪಾರಾದ ಕಟ್ಟಡ ಇನ್ನೊಂದರ ಎಲ್ಲೆಯೊಳಗೆ ಇರುವುದುಂಟು, ಸುತ್ತಲಿನ ಎಲ್ಲ ಸ್ಮಾರಕಗಳಿಂದಲೂ ಅಳತೆ ಬೇಕು. ರಾಜ್ಯ ಸಂರಕ್ಷಿತ ಸ್ಮಾರಕವಾದರೆ ಕಾಯ್ದೆ ಬೇರೆ, ರಾಜ್ಯದ 1961ರ ಕಾಯ್ದೆ. ನೋಟಿಸಿನಲ್ಲಿ ಕೇಂದ್ರ ಕಾಯ್ದೆ ಹೆಸರಿಸಿದ್ದರೆ ಸ್ಮಾರಕ ಯಾವ ಪಟ್ಟಿಯದು ಎಂದು ಖಚಿತಪಡಿಸಿಕೊಳ್ಳಿ.

ಎರಡು, ಹಳೆಯ ಕಟ್ಟಡ. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡದ ದುರಸ್ತಿ, ನವೀಕರಣಕ್ಕೆ 20ಸಿ ಕಲಂನಲ್ಲಿ ಅರ್ಜಿ ಹಾಕಬಹುದು. ಆ ದಿನಾಂಕಕ್ಕೆ ಮುಂಚಿನ ಸಿಟಿಎಸ್ ಉತಾರ, ತೆರಿಗೆ ರಸೀದಿ, ಖರೀದಿ ಪತ್ರದ ಚಕ್ಕುಬಂದಿಯಲ್ಲಿ ಕಟ್ಟಡದ ಉಲ್ಲೇಖ ಇದ್ದರೆ ಆಧಾರವಾಗುತ್ತದೆ. ದುರಸ್ತಿ ಎಂದರೆ ದುರಸ್ತಿಯೇ. ಅನುಮತಿ ಹಿಡಿದು ಗೋಡೆ ಕೆಡವಿ ಮಹಡಿ ಎಬ್ಬಿಸಿದರೆ ಅದು ನಿರ್ಮಾಣವಾಗುತ್ತದೆ, ಮೇಲಿನ ಶಿಕ್ಷೆಯ ಕಲಂ ಬಂದು ಬೀಳುತ್ತದೆ.

ಮೂರು, ನಿಯಂತ್ರಿತ ಪ್ರದೇಶದ ಅನುಮತಿ. ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಿಗೆ, ಅಂದರೆ ಈ ಕಾಯ್ದೆಯಡಿ ಅನುಮತಿ ಕೊಡಲು ನೇಮಿಸಿದ ಅಧಿಕಾರಿಗೆ. 20ಡಿ ಕಲಂ ಪ್ರಕಾರ ಅವರು 15 ದಿನದಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಆ ಪ್ರಾಧಿಕಾರ ಎರಡು ತಿಂಗಳಲ್ಲಿ ಅಭಿಪ್ರಾಯ ಕೊಡಬೇಕು, ಅದು ಬಂದ ಒಂದು ತಿಂಗಳಲ್ಲಿ ಸಕ್ಷಮ ಪ್ರಾಧಿಕಾರಿ ತೀರ್ಮಾನಿಸಬೇಕು. ನಿರಾಕರಿಸುವ ಮುನ್ನ ನಿಮ್ಮ ಮಾತು ಕೇಳಬೇಕು, ಆದೇಶ ಬರಹದಲ್ಲಿರಬೇಕು. ಕಡತ ನಿಂತರೆ ಎಲ್ಲಿ ನಿಂತಿದೆ ಎಂದು ಈ ಮೂರು ಗಡುವಿನಿಂದಲೇ ಗೊತ್ತಾಗುತ್ತದೆ, ಆ ಕಚೇರಿಗೇ ಪತ್ರ ಬರೆಯಿರಿ. ಅರ್ಜಿಯಲ್ಲಿ ಎತ್ತರ ಬರೆಯುವಾಗ ನೀರಿನ ಟ್ಯಾಂಕು, ಮೆಟ್ಟಿಲ ಕೋಣೆ, ಪ್ಯಾರಪೆಟ್ ಗೋಡೆ ಎಲ್ಲ ಸೇರಿಸಿ ಒಟ್ಟು ಎತ್ತರ ಬರೆಯಬೇಕು. ಅನುಮತಿಯಲ್ಲಿ ಬಂದ ಎತ್ತರಕ್ಕಿಂತ ಟ್ಯಾಂಕು ಮೇಲೆದ್ದರೆ ಅದೂ ಉಲ್ಲಂಘನೆಯೇ.

ನೋಟಿಸಿಗೆ ಉತ್ತರ

ಉತ್ತರ ಒಂದೂವರೆ ಪುಟ ಮೀರಬೇಕಿಲ್ಲ. ಬೇಡಿಕೆಯ ಧಾಟಿ ಬೇಡ, ‘ದಯವಿಟ್ಟು ಬಡವರನ್ನು ಕಾಪಾಡಿ’ ಎಂದು ಬರೆದದ್ದು ಮುಂದೆ ತಪ್ಪೊಪ್ಪಿಗೆಯಂತೆ ಓದಿಸಿಕೊಳ್ಳುತ್ತದೆ. ನಡುವಿನ ಭಾಗ ಹೀಗಿರಲಿ:

‘ಸದರಿ ನೋಟಿಸಿನಲ್ಲಿ ಉಲ್ಲಂಘನೆಯಾದ ಕಲಂ ಯಾವುದೆಂದು ನಮೂದಿಸಿಲ್ಲ, ಸ್ಥಳ ಪರಿಶೀಲನಾ ವರದಿ ಒದಗಿಸಿಲ್ಲ. ನನ್ನ ಸ್ವತ್ತು ಇರುವ ವಲಯದ ನಿಯಮಾವಳಿಯ ಪುಟ ____, ಕ್ರಮಸಂಖ್ಯೆ ____ರಲ್ಲಿ ಈ ಉಪಯೋಗಕ್ಕೆ ಅವಕಾಶವಿದೆ. ____ರಿಂದ ವ್ಯಾಪಾರ ಪರವಾನಗಿ ಪಡೆದು ನಡೆಸುತ್ತಿದ್ದೇನೆ, ಪ್ರತಿಗಳು ಲಗತ್ತು. ಖುದ್ದು ವಿಚಾರಣೆಗೆ ದಿನಾಂಕ ನಿಗದಿಪಡಿಸಿ, ಆಮೇಲೆ ಕಾರಣ ಸಹಿತ ಆದೇಶ ಹೊರಡಿಸಬೇಕು. ಅಲ್ಲಿಯವರೆಗೆ ಯಾವುದೇ ಕ್ರಮ ಕೈಗೊಳ್ಳಬಾರದು.’

ಟಪಾಲಿನಲ್ಲಿ ಇನ್‌ವರ್ಡ್ ಮಾಡಿಸಿ, ನಿಮ್ಮ ಪ್ರತಿಯ ಮೇಲೆ ಸೀಲು, ಸಂಖ್ಯೆ, ತಾರೀಖು ಹಾಕಿಸಿಕೊಳ್ಳಿ. ‘ಸಾಹೇಬರಿಲ್ಲ, ನಾಳೆ ಬರ್ರಿ’ ಎಂದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಕಾರಣ ಸಹಿತ ಆದೇಶಕ್ಕೆ ಪಟ್ಟು ಹಿಡಿಯುವುದಕ್ಕೆ ಅರ್ಥವಿದೆ. ಆದೇಶದಲ್ಲಿ ಬರೆದ ಕಾರಣದ ಮೇಲೇ ಅದು ನಿಲ್ಲಬೇಕು, ಕೋರ್ಟಿಗೆ ಬಂದ ಮೇಲೆ ಅಧಿಕಾರಿಗಳು ಅಫಿಡವಿಟ್ಟಿನಲ್ಲಿ ಹೊಸ ಕಾರಣ ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1978ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಹೇಳಿದೆ. ಬರೀ ‘ತಿರಸ್ಕರಿಸಲಾಗಿದೆ’ ಎಂಬ ಆದೇಶ ನಿಮಗೆ ಸಿಟ್ಟು ತರಿಸಬಹುದು, ಆದರೆ ಮೇಲಿನ ಹಂತದಲ್ಲಿ ಅದು ನಿಮಗೇ ಅನುಕೂಲ.

ಅರ್ಜಿ, ಗಡುವು, ಭೂ ಉಪಯೋಗ ಬದಲಾವಣೆ

ಅನುಮತಿ ಅರ್ಜಿ ಹಾಕುವಾಗ ಆ ಸೇವೆ ಸಕಾಲದ (ಸರ್ಕಾರಿ ಸೇವೆಗಳಿಗೆ ಗಡುವು ಹಾಕಿದ ರಾಜ್ಯದ ಯೋಜನೆ) ಪಟ್ಟಿಯಲ್ಲಿದ್ದರೆ 15 ಅಂಕಿಯ ಸಕಾಲ ಸಂಖ್ಯೆ ಬಿಡಬೇಡಿ. ತಡಕ್ಕೆ ಸಿಗುವ ಪರಿಹಾರ ದಿನಕ್ಕೆ 20 ರೂಪಾಯಿ, ಗರಿಷ್ಠ 500. ಹಣ ಅಲ್ಪ, ಆದರೆ ತಡ ಯಾರ ಮೇಜಿನ ಮೇಲೆ ಆಯಿತು ಎಂಬ ದಾಖಲೆ ದೊಡ್ಡದು. ಯೋಜನೆ ಕಾಯ್ದೆಯ 15ನೇ ಕಲಂ ಪ್ರಕಾರ ಪ್ರಾಧಿಕಾರ ಮೂರು ತಿಂಗಳಲ್ಲಿ ತೀರ್ಮಾನ ತಿಳಿಸದಿದ್ದರೆ ಅನುಮತಿ ಸಿಕ್ಕಂತೆ ಎಂದೇ ಭಾವಿಸಬಹುದು. ಇದನ್ನು ಕೇಳಿ ಮೂರು ತಿಂಗಳ ಮರುದಿನವೇ ಗಾರೆ ಕೆಲಸ ಹಚ್ಚುವವರಿದ್ದಾರೆ. ಅರ್ಜಿಯಲ್ಲಿ ಒಂದು ಕಾಗದ ಕಡಿಮೆ ಇದ್ದರೆ ‘ಅರ್ಜಿ ಪೂರ್ಣವಾಗಿರಲಿಲ್ಲ’ ಎನ್ನುತ್ತಾರೆ, ಯೋಜನೆಗೆ ವಿರುದ್ಧವಾದ ಕಟ್ಟಡಕ್ಕೆ ಈ ಕಲಂ ರಕ್ಷಣೆಯೂ ಆಗುವುದಿಲ್ಲ. ಮೊದಲು ‘15ನೇ ಕಲಂನಂತೆ ಅನುಮತಿ ದೊರೆತಿದೆ ಎಂದು ಭಾವಿಸುತ್ತೇನೆ, ಆಕ್ಷೇಪವಿದ್ದರೆ ತಿಳಿಸಿ’ ಎಂದು ಪತ್ರ ಕೊಟ್ಟು, ವಕೀಲರಿಗೆ ಕಡತ ತೋರಿಸಿ ಮುಂದಡಿ ಇಡಿ.

ಎರಡೂ ಪಟ್ಟಿಯಲ್ಲಿ ನಿಮ್ಮ ಉಪಯೋಗ ಇಲ್ಲದಿದ್ದರೆ ಆಗ 14ಎ ಕಲಂ. ಇದರಡಿ ಸರ್ಕಾರದ ಪೂರ್ವಾನುಮೋದನೆ ಪಡೆದು ಪ್ರಾಧಿಕಾರ ವಲಯ ಬದಲಿಸಬಹುದು. ನಕಾಶೆ ಬರೆಯುವಾಗಿನ ಭೌಗೋಳಿಕ ತಪ್ಪು, ಬಿಟ್ಟುಹೋದ ವಿವರ, ಯೋಜನೆ ಜಾರಿಯಿಂದ ಹುಟ್ಟಿದ ಸ್ಥಿತಿ ಇವು ಕಾಯ್ದೆ ಒಪ್ಪುವ ಕಾರಣಗಳು. ಬದಲಾವಣೆ ಸಾರ್ವಜನಿಕ ಹಿತಕ್ಕಿರಬೇಕು, ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ‘ನನಗೆ ಸಾಲವಿದೆ’ ಎಂಬುದು ಇಲ್ಲಿ ಕಾರಣವಲ್ಲ. ‘ಬಸ್ ನಿಲ್ದಾಣದಿಂದ ಈ ರಸ್ತೆಯ ಎರಡೂ ಬದಿ ಅಂಗಡಿ, ಖಾನಾವಳಿ ಇವೆ, ನಕಾಶೆಯಲ್ಲಿ ನನ್ನ ಸಿಟಿಎಸ್ ಸಂಖ್ಯೆ ಮಾತ್ರ ವಸತಿಯಲ್ಲಿ ಉಳಿದಿದೆ’ ಎಂಬುದು ಕಾರಣ. ಫೋಟೊ, ಅಕ್ಕಪಕ್ಕದ ವ್ಯಾಪಾರ ಪರವಾನಗಿಗಳ ಪ್ರತಿ, ರಸ್ತೆಯ ನಕಾಶೆ ಲಗತ್ತಿಸಿ. ಪ್ರಕಟಣೆಗೆ ಮುಂಚೆಯೇ ಎಡ ಬಲದ ಮನೆಯವರ ಜೊತೆ ಕೂತು ಮಾತಾಡಿ. ಅವರ ತಕರಾರು ಹೆಚ್ಚಾಗಿ ಕುಡಿತ, ಗದ್ದಲ, ಓಣಿಯಲ್ಲಿ ನಿಲ್ಲುವ ಟೆಂಪೊ ಇವುಗಳದು. ರಾತ್ರಿ ಗೇಟು ಹಾಕುವ ಹೊತ್ತು, ವಾಹನಕ್ಕೆ ಬೇರೆ ಜಾಗ ಬರಹದಲ್ಲಿ ಒಪ್ಪಿಕೊಂಡರೆ ಬಹುಪಾಲು ಆಕ್ಷೇಪ ಬರುವುದೇ ಇಲ್ಲ.

ಮೇಲಿನ ಬಾಗಿಲುಗಳು

ಆದೇಶ ವಿರುದ್ಧ ಬಂದರೆ ಕೆಳಗಿನ ಯಾವ ದಾರಿಯಾದರೂ ಸರಿ, 30 ದಿನವನ್ನೇ ಹೊರಮಿತಿ ಎಂದುಕೊಂಡು ಕೆಲಸ ಮಾಡಿ. ಆದೇಶ ಕೈಸೇರಿದ ದಿನ, ಅಂಚೆ ಲಕೋಟೆ ಜೋಪಾನ.

ಪುರಸಭೆ ಅಥವಾ ನಗರಸಭೆಯ ಠರಾವೇ ತೊಡಕಾಗಿದ್ದರೆ, ಉದಾಹರಣೆಗೆ ‘ಈ ವಾರ್ಡಿನಲ್ಲಿ ಲಾಡ್ಜಿಗೆ ಪರವಾನಗಿ ಕೊಡಬಾರದು’ ಎಂದು ಸಭೆ ತೀರ್ಮಾನಿಸಿದ್ದರೆ, ಅದನ್ನು ಅಮಾನತಿನಲ್ಲಿಡುವಂತೆ ಪುರಸಭೆಗಳ ಕಾಯ್ದೆಯ 306ನೇ ಕಲಂನಡಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ. ವಲಯ ನಿಯಮ ಮಾಡುವ ಅಧಿಕಾರ ಸಾಮಾನ್ಯ ಸಭೆಯದಲ್ಲ, ಮಹಾಯೋಜನೆಯದು ಎಂಬುದೇ ಅಲ್ಲಿ ನಿಮ್ಮ ಮುಖ್ಯ ಮಾತು. ಗ್ರಾಮ ಪಂಚಾಯಿತಿಯ ಆದೇಶಕ್ಕೆ ಕಲಂ 269ರ ಮೇಲ್ಮನವಿ ಇದೆ, ಕಾನೂನುಬಾಹಿರ ಠರಾವನ್ನು ಅಮಾನತಿನಲ್ಲಿಡಲು ಕಲಂ 237. ಪಾಲಿಕೆಯಲ್ಲಿ ಅಕ್ರಮ ಕಟ್ಟಡ ಕೆಡವಿಸುವ 321ನೇ ಕಲಂ ಮೂರು ಮೆಟ್ಟಿಲಿನದು: ತಾತ್ಕಾಲಿಕ ಆದೇಶ, ಕಾರಣ ಕೇಳುವ ನೋಟಿಸ್, ಕೊನೆಗೆ ದೃಢೀಕರಣ ಆದೇಶ. ಮೂರನೆಯದರ ಮೇಲೆ 443ಎ ಕಲಂನಡಿ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಎರಡನೆಯದಕ್ಕೆ ಉತ್ತರ ಕೊಡದೆ ಮೂರನೆಯದಕ್ಕೆ ಓಡಿದರೆ ಕೈಯಲ್ಲಿ ಹಿಡಿಯಲು ಏನೂ ಇರುವುದಿಲ್ಲ.

ಹೈಕೋರ್ಟಿನ ರಿಟ್ ಸಂವಿಧಾನದ 226ನೇ ವಿಧಿಯದು. ಬಾಗಲಕೋಟೆ, ಬೆಳಗಾವಿಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಮೇಲ್ಮನವಿ ದಾರಿ ಇರುವಾಗ ನೇರ ಬಂದರೆ ಸಾಮಾನ್ಯವಾಗಿ ‘ಅಲ್ಲಿಗೆ ಹೋಗಿ’ ಎಂದು ಕಳಿಸುತ್ತಾರೆ. ವಿಚಾರಣೆಯನ್ನೇ ನಡೆಸದ ಆದೇಶ, ಅಧಿಕಾರವೇ ಇಲ್ಲದವರು ಹೊರಡಿಸಿದ ಆದೇಶ, ನಿಯಮವೇ ಸಂವಿಧಾನಕ್ಕೆ ವಿರುದ್ಧ ಎಂಬ ವಾದ ಇವಕ್ಕೆ ನೇರ ಬಾಗಿಲಿದೆ. ವ್ಯಾಪಾರ ಮಾಡುವ ಹಕ್ಕು 19ನೇ ವಿಧಿಯಲ್ಲಿದೆ ನಿಜ, ಆದರೆ ಸಮಂಜಸ ನಿರ್ಬಂಧಕ್ಕೆ ಒಳಪಟ್ಟದ್ದು. ವಲಯ ನಿಯಮ ಇರುವುದೇ ತಪ್ಪು ಎಂಬ ವಾದ ಅಲ್ಲಿ ನಡೆಯುವುದಿಲ್ಲ. ಈ ನಿಯಮವನ್ನು ನನಗೆ ಅನ್ವಯಿಸಿದ ರೀತಿ ತಪ್ಪು ಎಂಬುದಕ್ಕೆ ಕಿವಿ ಸಿಗುತ್ತದೆ. ಎಷ್ಟೋ ರಿಟ್‌ಗಳಲ್ಲಿ ಸಿಗುವ ಫಲ ‘ಅರ್ಜಿದಾರರನ್ನು ಕೇಳಿ ಇಷ್ಟು ವಾರದಲ್ಲಿ ಮತ್ತೆ ತೀರ್ಮಾನಿಸಿ’ ಎಂಬುದು. ಅದು ಸೋಲಲ್ಲ, ಸರಿಯಾಗಿ ಕಾಗದ ಇಡಲು ಸಿಕ್ಕ ಎರಡನೇ ಅವಕಾಶ.

ಸಿವಿಲ್ ಕೋರ್ಟಿನಲ್ಲಿ ಸರ್ಕಾರದ ಮೇಲೆ ದಾವೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂನಂತೆ ಎರಡು ತಿಂಗಳ ಮುಂಗಡ ನೋಟಿಸ್ ಬೇಕು. ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ಅದಿಲ್ಲದೆಯೂ ಹೂಡಬಹುದು.

ಕೆಡವುತ್ತೇವೆ ಎಂದಾಗ

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಕೊಟ್ಟ ನಿರ್ದೇಶನಗಳ ಪ್ರತಿ ಲಾಡ್ಜಿನ ಕಡತದಲ್ಲಿರಲಿ. ಕನಿಷ್ಠ 15 ದಿನದ ನೋಟಿಸ್, ಅದೂ ರಿಜಿಸ್ಟರ್ಡ್ ಅಂಚೆಯಲ್ಲಿ ಮತ್ತು ಕಟ್ಟಡಕ್ಕೆ ಅಂಟಿಸಿ, ಖುದ್ದು ವಿಚಾರಣೆ, ಕಾರಣ ಸಹಿತ ಅಂತಿಮ ಆದೇಶ, ಆದೇಶದ ನಂತರ ಮತ್ತೆ 15 ದಿನ, ಕೆಡವುವಾಗ ವಿಡಿಯೊ. ರಸ್ತೆ, ಫುಟ್‌ಪಾತ್, ಜಲಮೂಲದಂಥ ಸಾರ್ವಜನಿಕ ಜಾಗದ ಒತ್ತುವರಿಗೆ, ಕೋರ್ಟೇ ಕೆಡವಲು ಹೇಳಿದ ಕಟ್ಟಡಕ್ಕೆ ಈ ರಕ್ಷಣೆ ಇಲ್ಲ. ಆದ್ದರಿಂದ ಮೆಟ್ಟಿಲು, ಬೋರ್ಡು, ಜನರೇಟರ್ ಕಟ್ಟೆ ಚರಂಡಿಯ ಮೇಲೆ ಬಂದಿದ್ದರೆ ಜಗಳಕ್ಕೆ ಮೊದಲೇ ನೀವೇ ತೆಗೆಸಿ, ಫೋಟೊ ಇಟ್ಟುಕೊಳ್ಳಿ.

ನಿಲ್ಲದ ವಾದಗಳು

‘ಪಕ್ಕದವರೂ ನಡೆಸುತ್ತಿದ್ದಾರೆ’: ಅವರದೂ ಅಕ್ರಮವಾದರೆ ನಿಮಗೆ ಸಮಾನತೆಯ ಹಕ್ಕು ಹುಟ್ಟುವುದಿಲ್ಲ. ಅದೇ ವಲಯ, ಅದೇ ರಸ್ತೆಯಲ್ಲಿ ಅವರಿಗೆ ಕಾನೂನುಬದ್ಧ ಅನುಮತಿ ಕೊಟ್ಟಿದ್ದರೆ ಮಾತ್ರ ಹೇಳಿ. ‘ತೆರಿಗೆ ಕಟ್ಟಿದ್ದೇನೆ’: ಬಳಕೆಗೆ ಸಾಕ್ಷಿ ಹೌದು, ಅನುಮತಿ ಅಲ್ಲ. ‘ಅಕ್ರಮ ಸಕ್ರಮದಲ್ಲಿ ಆಗುತ್ತದೆ’: ನಗರ ಕಟ್ಟಡಗಳ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಅದನ್ನು ನಂಬಿ ಸಾಲ ಎತ್ತಬೇಡಿ. ‘ಪುರಸಭೆಯೇ ಪರವಾನಗಿ ಕೊಟ್ಟಿದೆ, ಖರ್ಚು ಮಾಡಿಬಿಟ್ಟೆ’: ಉಡುಪಿಯಲ್ಲಿ ವಸತಿ ಪ್ರದೇಶದ ಕಲ್ಯಾಣ ಮಂಟಪವನ್ನು ಸಿನಿಮಾ ಮಂದಿರ ಮಾಡಲು ಪುರಸಭೆ ಕೊಟ್ಟ ಅನುಮತಿಯನ್ನು ನೆರೆಯವರೊಬ್ಬರು ಪ್ರಶ್ನಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಲ್ಲೇ ಈ ವಾದ ತಳ್ಳಿಹಾಕಿದೆ. ಯೋಜನೆಗೆ ವಿರುದ್ಧವಾದ ಅನುಮತಿಯನ್ನು ಖರ್ಚು ಮಾಡಿದ ದುಡ್ಡು ಸಿಂಧುಗೊಳಿಸುವುದಿಲ್ಲ. ಕೋಣೆ ಕಟ್ಟುವ ಮೊದಲೇ ಪಟ್ಟಿ ಓದಬೇಕೆಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ನಿಯಮವನ್ನೇ ಬದಲಿಸಲು

ಒಬ್ಬರ ಪ್ರಕರಣ ಗೆದ್ದರೆ ಒಬ್ಬರ ಲಾಡ್ಜ್ ಉಳಿಯುತ್ತದೆ. ಗುಹಾಲಯ ನೋಡಲು ಬಂದವರು ಊರಲ್ಲಿ ಉಳಿಯಲು ಜಾಗ ಸಾಲದೆ ಹುಬ್ಬಳ್ಳಿಗೆ ಹೊರಳಿದರೆ ನಷ್ಟ ಇಡೀ ಊರಿನದು. ಯೋಜನೆ ಕಾಯ್ದೆಯ 13ಡಿ ಕಲಂ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸುವ ಮಾತಾಡುತ್ತದೆ. ನಿಮ್ಮ ಊರಿನ ನಕಾಶೆ ಹತ್ತು ವರ್ಷ ದಾಟಿದ್ದರೆ ಪರಿಷ್ಕರಣೆ ಯಾವ ಹಂತದಲ್ಲಿದೆ ಎಂದು ಪ್ರಾಧಿಕಾರವನ್ನು ಕೇಳಿ. ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಗಡುವು ಕೊಟ್ಟಿರುತ್ತಾರೆ, ಪ್ರಕಟಣೆಯ ತಾರೀಖು ಬರೆದಿಟ್ಟುಕೊಳ್ಳಿ. ಸ್ಮಾರಕಗಳ ಸುತ್ತಲಿನ ಪಾರಂಪರಿಕ ಉಪನಿಯಮಗಳ ಕರಡಿಗೂ ಇದೇ ಜಾಗರೂಕತೆ ಬೇಕು, ಎತ್ತರ ಮತ್ತು ಮುಂಗಟ್ಟಿನ ನಿಯಮ ಬರುವುದು ಅದರಲ್ಲಿ.

ಐವತ್ತು ಜನ ಸಹಿ ಹಾಕಿದ ಒಂದು ಮನವಿಗಿಂತ ಐವತ್ತು ಬೇರೆ ಬೇರೆ ಆಕ್ಷೇಪಣೆಗಳು ಮೇಲು, ಪ್ರತಿಯೊಂದಕ್ಕೂ ಸ್ವೀಕೃತಿ ಸಿಗುತ್ತದೆ. ಪ್ರತಿಯೊಬ್ಬರೂ ತಮ್ಮ ಸಿಟಿಎಸ್ ಸಂಖ್ಯೆ, ರಸ್ತೆಯ ಹೆಸರು, ಅಳೆದ ಅಗಲ ಬರೆಯಲಿ. ಬೇಡಿಕೆ ನಿಯಮಾವಳಿಯ ಭಾಷೆಯಲ್ಲೇ ಇರಲಿ: ‘ಇಷ್ಟು ಮೀಟರ್ ಮೇಲ್ಪಟ್ಟ ರಸ್ತೆಯಲ್ಲಿ, ಮಾಲೀಕರು ವಾಸವಿರುವ, ಆರು ಕೋಣೆ ಮೀರದ ವಸತಿಗೃಹವನ್ನು ವಸತಿ ವಲಯದ ವಿಶೇಷ ಸಂದರ್ಭದ ಪಟ್ಟಿಗೆ ಸೇರಿಸಿ, ವಾಹನ ನಿಲುಗಡೆಯನ್ನು 200 ಮೀಟರಿನೊಳಗಿನ ಬೇರೆ ಜಾಗದಲ್ಲಿ ಒದಗಿಸಲು ಅವಕಾಶ ಕೊಡಿ.’ ಕರಡಿನ ಯಾವ ಪುಟ, ಯಾವ ಸಾಲಿನ ನಂತರ ಈ ವಾಕ್ಯ ಬರಬೇಕೆಂದು ನಮೂದಿಸಿ, ಗಡುವಿನ ಕೊನೆಯ ದಿನದವರೆಗೆ ಕಾಯದೆ ಒಂದು ವಾರ ಮುಂಚೆಯೇ ಇನ್‌ವರ್ಡ್ ಮಾಡಿಸಿ.